ಹೋಲಿಕೆಗೆ ತಂದ ಹಾಲು

ಮೊನ್ನೆ ನುಂಗಂಬಾಕ್ಕಂನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹೂ ಮಾರುವಾಕೆ "ಮಲ್ಲಿ ವಾಂಗಿಕ್ಕೋಮ್ಮಾ" ಎಂದು ಒಂದು ಮೊಳ ಮಲ್ಲಿಗೆಯನ್ನು ಮೂಗಿನ ಹತ್ತಿರವೇ ಹಿಡಿದಳು. ನಾನು ಥಟ್ಟನೆ ಹಿಂದೆ ಸರಿದೆ. ಆಕೆಗೆ ಬೇಜಾರಾಗಿರಬೇಕು. ಮದರಾಸು ಚೆನ್ನೈ ಆಗಿ, ನನ್ನ ಕೂದಲು ನರೆತರೂ, ಈ ಊರಿನಲ್ಲಿ ಮಲ್ಲಿಗೆ ಕಂಡರಾಗದ ಹೆಂಗಸು ನಾನೊಬ್ಬಳೇ ಏನೋ. ಅದಕ್ಕೆ ಕಾರಣವಿದೆ. ಹೇಳುತ್ತೇನೆ, ಸ್ವಲ್ಪ ಸುತ್ತಿ ಬಳಸಿ ಬರಬೇಕಾಗುತ್ತದೆ.

ನನ್ನ ಕೆಲಸ ಧೂಳು ಅಳೆಯುವುದು ಎಂದರೆ ನಮ್ಮ ಕಡೆಯವರು ನಗುತ್ತಿದ್ದರು. "ಅದಕ್ಕೆ ಎಂ.ಎಸ್‌ಸಿ. ಓದ್ಬೇಕಿತ್ತಾ, ಪೊರಕೆ ಸಾಕಿತ್ತಲ್ಲ" ಎಂದು ಅಮ್ಮನೇ ಅಂದಿದ್ದಳು. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಕಂಪ್ಯೂಟರು, ಟಿ.ವಿ., ಸೋಫಾದ ಸ್ಪಂಜು ಇವಕ್ಕೆಲ್ಲ ಬೇಗ ಬೆಂಕಿ ಹತ್ತದಿರಲೆಂದು ಬ್ರೋಮಿನ್ ಇರುವ ರಾಸಾಯನಿಕ ಬೆರೆಸುತ್ತಿದ್ದರು. ಅದು ಅಲ್ಲೇ ಇರುವುದಿಲ್ಲ. ಧೂಳಾಗಿ ಉದುರಿ ನಮ್ಮ ಮೈ ಸೇರಿ, ಮನೆ ಬಿಡಲೊಲ್ಲದ ಬಾಡಿಗೆದಾರನ ಹಾಗೆ ಕೊಬ್ಬಿನಲ್ಲಿ ಕೂತುಬಿಡುತ್ತದೆ. ರಕ್ತದಲ್ಲಿ ಸಿಗುತ್ತದೆ, ಎದೆಹಾಲಿನಲ್ಲಿ ಸಿಗುತ್ತದೆ. ಶುರುವಿನಲ್ಲಿ ನಮ್ಮ ಯಂತ್ರ ಏನೂ ಹಾಕದ ಖಾಲಿ ಶೀಶೆಯಲ್ಲೂ ಅದನ್ನು ತೋರಿಸಿತು. ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಂಡು ಹುಡುಕಿದರೆ, ನಾವು ಕೂರುತ್ತಿದ್ದ ಕುರ್ಚಿಯ ಸ್ಪಂಜಿನಿಂದ! ಆಮೇಲೆ ಮರದ ಸ್ಟೂಲಿನ ಮೇಲೆ ಕೂತು ಸೊಂಟ ನೋಯಿಸಿಕೊಂಡೆವು.

ಪೆರುಂಗುಡಿಯ ಕಸದ ರಾಶಿಯ ಪಕ್ಕದಲ್ಲಿ ವಾಸವಿದ್ದ ತಾಯಂದಿರ ಹಾಲು ತಂದಿದ್ದೆವು. ಅದರೊಂದಿಗೆ ಹೋಲಿಸಲು ಕಸದ ಸೋಂಕಿಲ್ಲದ ಮನೆಯ ಹಾಲು ಬೇಕಿತ್ತು. ಆಗ ನನ್ನ ತಂಗಿ ವಿಮಲ ಹೆತ್ತಿದ್ದಳು. ನುಂಗಂಬಾಕ್ಕಂನಲ್ಲಿ ಮನೆ, ಕೆಳಗೆ ಗಂಡನ ಕಂಪ್ಯೂಟರ್ ತರಗತಿ, ಮೇಲೆ ಸಂಸಾರ. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಮ್ಮ ನೆಲ ಒರೆಸಿದ್ದೇ ಒರೆಸಿದ್ದು, ಸಾಂಬ್ರಾಣಿ ಹಾಕಿದ್ದೇ ಹಾಕಿದ್ದು. ನೋಡಲು ಬಂದವರು ಕಾಲು ತೊಳೆಯದೆ ಹೊಸಿಲು ದಾಟುವಂತಿರಲಿಲ್ಲ. ಇದಕ್ಕಿಂತ ಮಡಿಯ ಹಾಲು ಎಲ್ಲಿ ಸಿಕ್ಕೀತು? ಪ್ರಯೋಗಾಲಯದಲ್ಲಿ ಎಷ್ಟು ವರ್ಷ ಕಳೆದರೂ ನಾನು ಅಮ್ಮನ ಮಗಳೇ. ಶೀಶೆಯ ಮೇಲೆ 'ಶುದ್ಧ' ಎಂದು ಬರೆದುಕೊಂಡೇ ಹೋದೆ.

ಯಂತ್ರಕ್ಕೆ ಮಡಿ ಮೈಲಿಗೆ ಗೊತ್ತಿಲ್ಲ. ವಿಮಲಳ ಹಾಲಿನಲ್ಲಿ ಪೆರುಂಗುಡಿಯವರದಕ್ಕಿಂತ ಹೆಚ್ಚೇ ಇತ್ತು. ಬಸುರಿಯಾಗಿದ್ದಷ್ಟು ಕಾಲವೂ ಅವಳು ಕೆಳಗಿನ ಎ.ಸಿ. ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು, ಹಳೇ ಮಾನಿಟರುಗಳ ಸಾಲಿನ ನಡುವೆ ಪಾಠ ಹೇಳಿದ್ದು ನನಗೆ ಆಗ ಹೊಳೆಯಿತು.

ಫಲಿತಾಂಶ ಏನಾಯಿತೆಂದು ಅವಳೇ ಕೇಳಿದಳು. ಹೇಳಿದೆ.

"ಕುಡಿಸಲಾ, ಬೇಡ್ವಾ? ಅಷ್ಟು ಹೇಳಕ್ಕ."

"ಕುಡಿಸು. ಡಾಕ್ಟ್ರೂ ಅದನ್ನೇ ಹೇಳ್ತಾರೆ. ಎದೆಹಾಲಿಗೆ ಸಮ ಯಾವುದೂ ಇಲ್ಲ."

"ಎಷ್ಟಿದ್ರೆ ಅಪಾಯ?"

"ಅದು ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ ಕಣೆ."

"ಮತ್ತೆ ಯಾಕಕ್ಕ ಅಳೀತೀರಿ?"

"ನಿನ್ನ ಮಿಷನ್ನಿಗಷ್ಟು ಬೆಂಕಿ ಹಾಕ!" ಎಂದು ಅಮ್ಮ ಒಳಗಿನಿಂದ ಕೂಗಿದಳು. "ಹಾಲಲ್ಲಿ ವಿಷ ಅಂತೆ. ನಿಮ್ಮನ್ನೆಲ್ಲ ಏನು ಕುಡಿಸಿ ಬೆಳೆಸಿದೆ ನಾನು?"

ವಿಮಲ ಇಬ್ಬರ ಮಾತನ್ನೂ ಕೇಳಲಿಲ್ಲ. ಕುಡಿಸುವುದನ್ನು ನಿಲ್ಲಿಸಿ ಡಬ್ಬಿ ಹಾಲು ತರಿಸಿದಳು. ಅವಳ ಎದೆ ಕಲ್ಲಿನಂತಾಗಿ ಜ್ವರ ಏರಿತು. ಹಾಲು ಬತ್ತಲೆಂದು ಎದೆಗೆ ಮಲ್ಲಿಗೆ ಕಟ್ಟುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅಮ್ಮ ಪಾಂಡಿಬಜಾರಿಗೆ ಹೋಗಿ ಮೊಳಗಟ್ಟಲೆ ಹೂ ತಂದಳು. "ಕೂಸು ಕಳಕೊಂಡೋಳಿಗೆ ಮಾಡೋ ಕೆಲಸ ಇದು," ಎನ್ನುತ್ತಾ, ಅಳುತ್ತಾ ಕಟ್ಟಿದಳು. ಕೂಸು ಪಕ್ಕದ ಕೋಣೆಯಲ್ಲೇ ಇತ್ತು, ಡಬ್ಬಿ ಹಾಲು ಒಲ್ಲದೆ ಹಸಿದು ಅರಚುತ್ತಿತ್ತು. ಮನೆಯೆಲ್ಲ ಮಲ್ಲಿಗೆಯ ಘಮ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಆ ಮಗು ನಂದಿನಿ. ಹೊಟ್ಟೆಪಾಡು, ತರಗತಿ ಮುಚ್ಚುವಂತಿರಲಿಲ್ಲ. ಅವಳು ಅಂಬೆಗಾಲಿಟ್ಟಿದ್ದು, ತಪ್ಪುಹೆಜ್ಜೆ ಹಾಕಿದ್ದು, ಬಿದ್ದ ಬಿಸ್ಕತ್ತು ಹೆಕ್ಕಿ ತಿಂದದ್ದು ಎಲ್ಲ ಆ ಮಾನಿಟರುಗಳ ಕೆಳಗಿನ ನೆಲದ ಮೇಲೇ. ಮಾತು ಕಲಿಯುವ ವಯಸ್ಸಿನಲ್ಲಿ ಯಾವುದೋ ಜ್ವರಕ್ಕೆ ರಕ್ತ ತೆಗೆದಾಗ, ಸ್ವಲ್ಪ ನಿನಗೂ ಕೊಡುತ್ತೇನೆ, ನೋಡಲೇಬೇಕು ಎಂದು ವಿಮಲ ಹಟ ಹಿಡಿದಳು. ನೋಡಿದೆ. ತಾಯಿಯ ಮೈಯಲ್ಲಿ ಇದ್ದದ್ದಕ್ಕಿಂತ ಹೆಚ್ಚಿತ್ತು. ಹಾಲು ತಪ್ಪಿಸಿದ್ದೆವು, ಧೂಳು ತಪ್ಪಿರಲಿಲ್ಲ.

ವಿಮಲ ಅಳಲಿಲ್ಲ. "ಹಾಗಾದ್ರೆ ಕುಡಿಸಬಹುದಿತ್ತಲ್ಲಕ್ಕ," ಅಂದಳು, ಅಷ್ಟೆ.

ಆ ರಾಸಾಯನಿಕವನ್ನು ಆಮೇಲೆ ನಿಷೇಧಿಸಿದರು. ಅದರ ಜಾಗಕ್ಕೆ ಇನ್ನೊಂದು ಬಂತು. ಪ್ರಯೋಗಾಲಯದ ಈಗಿನ ಹುಡುಗಿಯರು ಅದನ್ನು ಅಳೆಯುತ್ತಿದ್ದಾರೆ. ನನಗೆ ಅವರ ಉತ್ಸಾಹ ನೋಡಿದರೆ ಸಂಕಟವಾಗುತ್ತದೆ.

ಮೊನ್ನೆ ಹೂವಿನವಳಿಂದ ತಪ್ಪಿಸಿಕೊಂಡು ಮನೆಗೆ ಬಂದರೆ ವಿಮಲಳ ಫೋನು. ನಂದಿನಿ ಬಸುರಿಯಂತೆ. ಅವಳೇ ಫೋನು ಕಸಿದುಕೊಂಡು, "ಪೆರಿಮ್ಮಾ, ನೀಂಗ ತಾನ್ ಮೊದಲ್ಲ ವರಣುಂ," ಎಂದು ನಕ್ಕಳು. ಮಗು ನೋಡಲು ದೊಡ್ಡಮ್ಮನೇ ಮೊದಲು ಬರಬೇಕಂತೆ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ತಮಿಳೇ ಬರುತ್ತದೆ. ಫೋನು ಮತ್ತೆ ತಂಗಿಯ ಕೈಗೆ ಹೋಯಿತು. ಅವಳು ಬಾಲ್ಕನಿಗೆ ಬಂದಿರಬೇಕು, ರಸ್ತೆಯ ಸದ್ದು ಕೇಳಿಸಿತು.

"ಅಕ್ಕ, ಇವಳಿಗೆ ಏನೂ ಹೇಳ್ಬೇಡ. ಕುಡಿಸ್ಲಿ."

ಹೇಳುವುದಿಲ್ಲ ಎಂದೆ. ಇಷ್ಟು ವರ್ಷ ಅಳೆದ ಮೇಲೂ ಅವಳಿಗೆ ಹೇಳುವುದಕ್ಕೆ ನನ್ನ ಹತ್ತಿರ ಒಂದು ಅಂಕಿಯ ಹೊರತು ಏನಿದೆ?