ಎರಡು ಏಕಾದಶಿ

ಪೆರಂಬೂರಿನ ಆ ಬೀದಿಯ ತಮಿಳರಿಗೆ ಕನ್ನಡದವರೆಲ್ಲ ಒಂದೇ. ಅನಸೂಯಮ್ಮನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರಿರಲಿಲ್ಲ. ರೈಲ್ವೆ ಗುಮಾಸ್ತನಾಗಿದ್ದ ಗಂಡ ತೀರಿಕೊಂಡ ಮೇಲೆ ಆಕೆಗೆ ಉಳಿದ ಆಸ್ತಿಯೆಂದರೆ ತಾವು ಮಾಧ್ವರೆಂಬುದೊಂದೇ. ಅಂಥವಳ ಮಗ ಮುರಳೀಧರ, ಜೊತೆಗೆ ಕೆಲಸ ಮಾಡುತ್ತಿದ್ದ ಸ್ಮಾರ್ತರ ಸುಮತಿಯನ್ನು ಮೆಚ್ಚಿ ಮದುವೆಯಾಗಿಬಿಟ್ಟ. ಅದೇ ಭಾಷೆ, ಅದೇ ಹುಳಿ, ಅದೇ ಮಡಿ. ಹಣೆಯ ಗೆರೆ ಮಾತ್ರ ಬೇರೆ: ಅವಳ ತಂದೆಯದು ಅಡ್ಡ, ಇವರದು ಉದ್ದ. ಸೊಸೆಯನ್ನು ಗೋಳುಹೊಯ್ದುಕೊಳ್ಳಲು ಮುದುಕಿಗೆ ಅಷ್ಟು ಸಾಕಾಗಿತ್ತು.

ಐವತ್ತೇಳನೇ ಇಸವಿಯ ಮೇ ತಿಂಗಳು, ತಮಿಳರು ಕತ್ತಿರಿ ಎನ್ನುವ ಸುಡುಬಿಸಿಲು. ಏಕಾದಶಿ ಎರಡು ದಿನ ಬಂತು. ಏಕಾದಶಿಯ ನಸುಕಿಗೆ ಹಿಂದಿನ ದಶಮಿಯ ಸೋಂಕು ತಾಗಿದ್ದರೆ ಮಾಧ್ವರು ಉಪವಾಸವನ್ನು ಮರುದಿನಕ್ಕೆ ತಳ್ಳುತ್ತಾರೆ. ಸ್ಮಾರ್ತರು ಮೊದಲ ದಿನವೇ ಮುಗಿಸುತ್ತಾರೆ. ಆರು ತಿಂಗಳ ಬಸುರಿ ಸುಮತಿ ತವರಿನ ರೂಢಿಯಂತೆ ಮೊದಲ ದಿನ ಬಾಯಿಗೆ ಏನೂ ಹಾಕಲಿಲ್ಲ. ಅತ್ತೆ ನೋಡಿಯೂ ಸುಮ್ಮನಿದ್ದಳು. ಮರುದಿನ ಬೆಳಿಗ್ಗೆ ಸೊಸೆ ಲೋಟಕ್ಕೆ ಕೈ ಹಾಕಿದಾಗ ತಡೆದಳು.

"ನೆನ್ನೇದು ನಿಮ್ಮಪ್ಪನ ಮನೇದು. ಈ ಮನೇದು ಇವತ್ತು. ನೀರೂ ಮುಟ್ಟೋ ಹಾಗಿಲ್ಲ."

ಬಸುರಿಯರಿಗೆ ವಿನಾಯಿತಿಯಿದೆಯೆಂದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಬಿಡಲಿಲ್ಲ, ಪಾಪಿ. ಸಂಜೆ ಸುಮತಿ ಕೊಳಾಯಿಯ ಬಳಿ ಕುಸಿದಳು. ಮಗು ಉಳಿಯಲಿಲ್ಲ, ಮತ್ತೆಂದೂ ಬಸಿರು ನಿಲ್ಲಲಿಲ್ಲ. ಮೊದಲ ದಿನ ಉಪವಾಸ ಮಾಡೆಂದು ತಾನು ಹೇಳಿದ್ದೆನೇ ಎಂದು ಅತ್ತೆ ಬೀದಿಯವರೆದುರು ಕೇಳಿದಳು. 

ಅರವತ್ತನಾಲ್ಕರಲ್ಲಿ ಅನಸೂಯಮ್ಮನಿಗೆ ಲಕ್ವ ಹೊಡೆಯಿತು. ಕೈಕಾಲು ಬಿದ್ದವು, ನಾಲಿಗೆ ಮಾತ್ರ ಗಟ್ಟಿಯಿತ್ತು. ಮುರಳೀಧರ ಆಫೀಸಿನ ಕೆಲಸಕ್ಕೆಂದು ಮಧುರೆಗೆ ಹೋಗಿದ್ದಾಗ ಏಕಾದಶಿ ಮತ್ತೆ ಎರಡಾಯಿತು. ಮೊದಲ ದಿನ ಸುಮತಿ ಒಲೆ ಹಚ್ಚಲಿಲ್ಲ, ಇವತ್ತಿನದು ನಮ್ಮಪ್ಪನ ಮನೆಯದು ಎಂದಳು. ಮರುದಿನ, ಇವತ್ತಿನದು ನಿಮ್ಮದು ಎಂದಳು. ನೀರಿನ ಲೋಟ ಕಿಟಕಿಯ ಮೇಲೆ, ಕಣ್ಣಿಗೆ ಕಾಣುವ ಹಾಗಿತ್ತು. ಮುದುಕಿ ಬೈದಳು, ಅತ್ತಳು, ಮಧ್ಯಾಹ್ನದ ಹೊತ್ತಿಗೆ ಅಂಗಲಾಚಿದಳು.

"ಎರಡೂ ಒಂದೇ ಅನ್ನಿ ಅತ್ತೆ, ಕೊಡ್ತೀನಿ."

ಅನಸೂಯಮ್ಮನ ಕಣ್ಣು ಲೋಟದ ಮೇಲೆಯೇ ಇತ್ತು. ಆ ಎರಡರ ನಡುವೆ ಜೀವಮಾನವೆಲ್ಲ ಅಳಿಸಗೊಡದೆ ಕಾದುಕೊಂಡು ಬಂದ ಗೆರೆ ಅದು.

"ಒಂದೇ ಕಣೇ," ಎಂದಳು.

ಸುಮತಿ ಅತ್ತೆಯ ತಲೆಯೆತ್ತಿ ಹಿಡಿದು ಮೆಲ್ಲಗೆ ಕುಡಿಸಿದಳು. "ಈ ಮಾತು ಅವತ್ತೇ ಅಂದಿದ್ರೆ, ನನ್ನ ಮಗು ಈಗ ಸ್ಕೂಲಿಗೆ ಹೋಗ್ತಿತ್ತು."

ಮುದುಕಿಗೆ ಅದು ಚೆನ್ನಾಗಿ ಕೇಳಿಸಿತು. ಆದರೂ ಲೋಟ ಬರಿದಾಗುತ್ತಲೇ ಇನ್ನೊಂದು ಕೇಳಿದಳು. ನಾಳೆ ದ್ವಾದಶಿ, ಆಗ ಕುಡಿಯುವಿರಂತೆ ಎಂದು ಸುಮತಿ ಲೋಟವನ್ನು ಬೋರಲು ಹಾಕಿದಳು.