ತರಗತಿಯಲ್ಲಿ ಒಡೆದ ದೇವರ ಕಾಯಿ

ಹೋದ ವರ್ಷದ ಮಾತು. ಮದುವೆಯಾಗಿ, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ನಾನು ತಿಪಟೂರಿನಲ್ಲಿ ಬಿ.ಇಡಿ. ಸೇರಿದ್ದೆ. ಕೊನೆಯ ಪರೀಕ್ಷಾ ಪಾಠವೊಂದು ಉಳಿದಿತ್ತು. ಹೊರಗಿನಿಂದ ಬರುವ ಪರೀಕ್ಷಕಿಯ ಎದುರು ಹೈಸ್ಕೂಲ್ ಮಕ್ಕಳಿಗೆ ಗಣಿತ ಕಲಿಸಬೇಕು. ಅದರಲ್ಲಿ ಎಡವಿದರೆ ದಬ್ಬೇಘಟ್ಟದ ಕಡೆಯಿಂದ ದಿನಾ ಬಸ್ಸಿನಲ್ಲಿ ನಿಂತು ಓಡಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನನ್ನ ಪಾಠ ಗೋಳ ಮತ್ತು ಅರ್ಧಗೋಳ. ನಮ್ಮ ಸೀಮೆಯಲ್ಲಿ ಗೋಳ ತೋರಿಸಲು ಪ್ಲಾಸ್ಟಿಕ್ ಚೆಂಡು ಯಾಕೆ? ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಚಿಪ್ಪನ್ನು ಹದವಾಗಿ ತಟ್ಟಿ ಬಿಡಿಸಿದರೆ ಉಂಡೆಕೊಬ್ಬರಿ ಇಡಿಯಾಗಿ ಹೊರಬರುತ್ತದೆ. ಮಕ್ಕಳ ಮುಂದೆಯೇ ಹಾಗೆ ಬಿಡಿಸುವುದೆಂದು ಠರಾಯಿಸಿದ್ದೆ.

ಬೆಳಿಗ್ಗೆ ಅತ್ತೆ ಚೀಲದಲ್ಲಿ ಎರಡು ಕಾಯಿ ಇಟ್ಟರು. "ಒಣಗಿರೋದು ಪಾಠಕ್ಕೆ ಕಣೇ, ಹಸೀದು ಆಂಜನೇಯಂಗೆ. ಒಡೆಸ್ಕೊಂಡೇ ಬಸ್ ಹತ್ತು" ಎಂದರು. ಒಳ್ಳೆಯ ಕೆಲಸಕ್ಕೆ ಹೊರಟ ಕಾಯಿ ಬೋಳಾಗಿರಬಾರದೆಂದು ಎರಡಕ್ಕೂ ಜುಟ್ಟು ಬಿಟ್ಟಿದ್ದರು.

ಗುಡಿಯ ಬಾಗಿಲಿಗೆ ಹೋಗುವಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಕೈಗೆ ಸಿಕ್ಕ ಕಾಯಿಯನ್ನು ಪೂಜಾರಪ್ಪನಿಗೆ ಕೊಟ್ಟು, "ನೀವೇ ಒಡೆದುಬುಡಿ, ಸಂಜೆ ಬತ್ತೀನಿ" ಎಂದು ಓಡಿದೆ. ಕಾಯಿ ಮುಟ್ಟಿದರೆ ಸಾಕು, ಒಳಗೆ ನೀರಿದೆಯೋ ಒಣಗಿದೆಯೋ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ನಮ್ಮ ಕಡೆಯವರ ಅಭ್ಯಾಸ. ಅವತ್ತೇ ಅದು ಮರೆತುಹೋಗಬೇಕೆ!

ತರಗತಿಯಲ್ಲಿ ಪರೀಕ್ಷಕಿ ಮೇಡಂ ಮುಂದಿನ ಸಾಲಿನಲ್ಲೇ ಕೂತಿದ್ದರು. ಹಿಂದಿನ ಬೆಂಚಿನಲ್ಲಿ ನಮಗೆ ಬೋಧನಾ ವಿಧಾನ ಕಲಿಸಿದ ಶಿವಣ್ಣ ಮೇಷ್ಟ್ರು, ಅವರ ಪಕ್ಕ ನನ್ನ ಗೆಳತಿ ಲತಾ. "ಈಗ ಇದರೊಳಗಿಂದ ಗೋಳ ಬರುತ್ತೆ, ನೋಡಿ" ಎಂದು ಗತ್ತಿನಿಂದ ಕುಡುಗೋಲಿನ ಹಿಂಬದಿಯಲ್ಲಿ ತಟ್ಟಿದೆ. ಕಾಯಿ ಎರಡು ಹೋಳಾಗಿ ನೀರು ಚಿಮ್ಮಿತು. ಅರ್ಧ ನನ್ನ ಸೀರೆಗೆ, ಅರ್ಧ ಮೇಡಂ ಕನ್ನಡಕಕ್ಕೆ.

"ಮಿಸ್, ಅದು ದೇವ್ರ ಕಾಯಿ ಕಣ್ ಮಿಸ್!" ಎಂದು ಹುಡುಗಿಯೊಬ್ಬಳು ಕೂಗಿದಳು. ತರಗತಿಗೆ ತರಗತಿಯೇ ಗೊಳ್ಳೆಂದಿತು. ಮುಗೀತು ನನ್ನ ಕತೆ ಅಂದುಕೊಂಡೆ.

ಆಗ ಲತಾ ಕಣ್ಣಿಗೆ ಬಿದ್ದಳು. ಅವಳು ನಗುತ್ತಿರಲಿಲ್ಲ. ಎರಡೂ ಅಂಗೈಗಳನ್ನು ಬೊಗಸೆಯಂತೆ ಬಾಗಿಸಿ, ಜೋಡಿಸಿ, ಬಿಡಿಸಿ ತೋರಿಸುತ್ತಿದ್ದಳು. ಮೇಷ್ಟ್ರು ಯಾವಾಗಲೂ ಹೇಳುತ್ತಿದ್ದ ಮಾತು ನೆನಪಾಯಿತು: "ಪಾಠ ಕೆಟ್ರೆ ಮುಚ್ಚಿಡೋಕೆ ಹೋಗ್‌ಬ್ಯಾಡ್ರಮ್ಮ, ಕೆಟ್ಟ ಜಾಗದಿಂದ್ಲೇ ಶುರು ಮಾಡಿ."

ಎರಡೂ ಹೋಳುಗಳನ್ನು ಮೇಲೆತ್ತಿದೆ. "ಗೋಳ ತೋರಿಸೋಕೆ ಬಂದೆ, ಅರ್ಧಗೋಳ ಸಿಕ್ಕಿತು. ಇದರಲ್ಲಿ ಎಷ್ಟು ನೀರು ಹಿಡಿಯುತ್ತೆ? ಯಾರು ಲೆಕ್ಕ ಹಾಕ್ತೀರಿ?"

ಮಕ್ಕಳು ಮುಗಿಬಿದ್ದರು. ಸ್ಕೇಲಿನಿಂದ ಅಳೆದರು, ಸೂತ್ರ ಹಾಕಿದರು, ಬಾಟಲಿಯಿಂದ ನೀರು ತುಂಬಿ ನೋಡಿದರು. ಲೆಕ್ಕಕ್ಕೂ ನೀರಿಗೂ ತಾಳೆಯಾಗಲಿಲ್ಲ. "ಕಾಯಿ ಪೂರ್ತಿ ದುಂಡಗಿಲ್ಲ ಮಿಸ್, ಅದಕ್ಕೇ" ಎಂದು ಕಾರಣವನ್ನೂ ಅವರೇ ಹೇಳಿದರು. ನಾನು ಬರೆದುಕೊಂಡು ಹೋಗಿದ್ದ ಪಾಠದಲ್ಲಿ ಇಷ್ಟು ಜೀವ ಇರಲಿಲ್ಲ. ಗಂಟೆ ಹೊಡೆದ ಮೇಲೆ ಮೇಡಂ ಕನ್ನಡಕ ಒರೆಸಿಕೊಳ್ಳುತ್ತಾ, "ತೀರ್ಥ ಸಿಕ್ತು. ಪ್ರಸಾದ ಎಲ್ಲಮ್ಮ?" ಎಂದರು. ಆಗ ನನಗೆ ಹೋದ ಜೀವ ಬಂತು.

ಸಂಜೆ ಗುಡಿಯ ಹತ್ತಿರ ಇಳಿದರೆ, ಅತ್ತೆಯಿಂದ ಪಾಠದ ವಿಷಯ ಕೇಳಿದ್ದ ಪೂಜಾರಪ್ಪ ಕಾದೇ ಇದ್ದರು. "ಏನವ್ವಾ, ಕಾಯಿ ಒಡೆದ್ರೆ ಕೊಬ್ಬರಿ ಉಳ್ಳಾಡ್ಕಂಡು ಸ್ವಾಮಿ ಪಾದಕ್ಕೇ ಹೋಯ್ತು! ಅವನೂ ಗಣಿತ ಕಲಿತ ಬುಡು" ಎಂದು ನಕ್ಕರು.

ಪಾಸಾದ ದಿನ ಲತಾಳ ಜೊತೆ ಮೇಷ್ಟ್ರ ಮನೆಗೆ ಕಾಯಿ ಹೊತ್ತುಕೊಂಡು ಹೋದೆ. ಅವರು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದರು. "ನಿನ್ನ ನಂಬಂಗಿಲ್ಲ ಕಣಮ್ಮ" ಎಂದಾಗ ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಕಾಲಿಗೆ ನಮಸ್ಕರಿಸಿದಾಗ ಮಾತ್ರ ನನಗೆ ಅಳು ತಡೆಯಲಾಗಲಿಲ್ಲ.

ಈಗ ಹುಳಿಯಾರಿನ ಹತ್ತಿರದ ಶಾಲೆಯೊಂದರಲ್ಲಿ ಕಲಿಸುತ್ತಿದ್ದೇನೆ. ಬೋರ್ಡಿನ ಮುಂದೆ ಮಗುವೊಂದು ಲೆಕ್ಕ ತಪ್ಪಿ, ನಾಚಿ, ಡಸ್ಟರಿಗೆ ಕೈ ಹಾಕಿದರೆ "ಅಳಿಸಬೇಡ ಕಣಪ್ಪ, ಅಲ್ಲಿಂದಲೇ ಶುರು ಮಾಡೋಣ" ಎನ್ನುತ್ತೇನೆ. ಹೇಳುವಾಗ ನನಗೇ ಗೊತ್ತಿಲ್ಲದೆ ಕಣ್ಣು ಹಿಂದಿನ ಬೆಂಚಿನ ಕಡೆ ಹೋಗುತ್ತದೆ. ಅಲ್ಲಿ ಮೇಷ್ಟ್ರೂ ಇಲ್ಲ, ಲತಾಳೂ ಇಲ್ಲ. ಆದರೂ ಅವರಿಬ್ಬರೂ ಕೂತು ನೋಡುತ್ತಿದ್ದಾರೆ ಅನ್ನಿಸಿ ಧೈರ್ಯ ಬರುತ್ತದೆ.