ಮೊಹರು ಬೀಳದ ಪುರವಣಿ

ನಮ್ಮ ಕಾಲೇಜು ಲೈಬ್ರರಿಯಲ್ಲಿ ಅವರನ್ನು ಎಲ್ಲರೂ ಗೆಜೆಟ್ ಮೇಡಂ ಎನ್ನುತ್ತಿದ್ದರು. ಮೂರನೇ ಮಹಡಿಯ ಸರ್ಕಾರಿ ಪ್ರಕಟಣೆಗಳ ಕೋಣೆ ಅವರ ಸಾಮ್ರಾಜ್ಯ. ಅಲ್ಲಿ ಪುಸ್ತಕಗಳನ್ನು ಜೋಡಿಸುವುದು ಲೇಖಕರ ಹೆಸರಿನಿಂದಲ್ಲ, ಇಲಾಖೆಯ ಹೆಸರಿನಿಂದ. ಇಲಾಖೆಗಳೋ, ಸರ್ಕಾರ ಬದಲಾದಾಗೆಲ್ಲ ಹೆಸರು ಬದಲಿಸಿಕೊಳ್ಳುತ್ತವೆ. ಯಾವುದರ ಹಳೇ ಹೆಸರು ಯಾವುದು ಎನ್ನುವುದು ಮೇಡಂಗೆ ಬಾಯಿಪಾಠ. ಕ್ಯಾಟಲಾಗ್ ಕೈಕೊಟ್ಟಾಗ ಲೈಬ್ರರಿ ಸಿಬ್ಬಂದಿಯಾದ ನಾವೆಲ್ಲ ಅವರ ಬಳಿಗೇ ಓಡುತ್ತಿದ್ದೆವು, ಜೊತೆಗೆ ಅವರ ಜಂಬವನ್ನೂ ಸಹಿಸಿಕೊಳ್ಳುತ್ತಿದ್ದೆವು.

ಒಂದು ದಿನ ಆಯಾ ಪೊರಕೆಯನ್ನು ಬಾಗಿಲಿಗೆ ಒರಗಿಸಿ ಒಳಗೆ ಬಂದಳು. ಇಪ್ಪತ್ತಾರು ವರ್ಷದಿಂದ ಇದೇ ಕಟ್ಟಡ ಗುಡಿಸುತ್ತಿದ್ದವಳು.

"ಮೇಡಂ, ಗುಡಿಸೋ ಕೆಲಸ ಇನ್ಮೇಲೆ ಗುತ್ತಿಗೆದಾರನಿಗೆ ಕೊಡ್ತಾರಂತೆ. ಖಾಯಂ ಆದವರನ್ನ ಮಾತ್ರ ಉಳಿಸ್ಕೊಳ್ತಾರಂತೆ. ನನ್ನ ಫೈಲು ಆಫೀಸಲ್ಲಿ ಕಳೆದುಹೋಗಿದೆ. ಆದ್ರೆ ಕೆಲಸಕ್ಕೆ ಸೇರಿದ ಐದನೇ ವರ್ಷ ಗೆಜೆಟಲ್ಲಿ ನನ್ನ ಹೆಸರು ಬಂದಿತ್ತು, ಆಗಿನ ಪ್ರಿನ್ಸಿಪಾಲರೇ ಓದಿ ಹೇಳಿದ್ರು. ಆ ಹಾಳೆ ತೋರಿಸದಿದ್ರೆ ತಿಂಗಳ ಕೊನೆಗೆ ಮನೆಗೆ ಹೋಗು ಅಂದಿದ್ದಾರೆ."

"ಅಷ್ಟೇನಾ? ಕೂತ್ಕೋ, ಈಗ್ಲೇ ತೆಗೆದುಕೊಡ್ತೀನಿ."

ಮೇಡಂ ಆ ವರ್ಷದ ಸೂಚಿ ತೆಗೆದರು. ಬೆರಳು ಸರಸರ ಇಳಿದು ನಿಂತಿತು: ಖಾಯಂ ನೌಕರರ ಪಟ್ಟಿ, ಜೂನ್ ಸಂಚಿಕೆಯ ಪುರವಣಿ. ಜೂನ್ ಸಂಪುಟ ಸಿಕ್ಕಿತು, ಪುರವಣಿ ಅದರಲ್ಲಿರಲಿಲ್ಲ. ಬೈಂಡಿಂಗ್‌ನಲ್ಲಿ ಹಿಂದೆಮುಂದೆ ಆಗಿರಬಹುದೆಂದು ಇಡೀ ವರ್ಷದ ಸಂಪುಟಗಳನ್ನು ತಿರುವಿದರು. ಎಲ್ಲೂ ಇರಲಿಲ್ಲ. ಅವರ ಮುಖ ಅಷ್ಟು ಬಿಳಿಚಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಪುರವಣಿಗಳಿಗೆ ನಮ್ಮಲ್ಲಿ ಬೇರೆ ನಂಬರ್ ಕೊಡುತ್ತಿರಲಿಲ್ಲ. ನಂಬರ್ ಇಲ್ಲದ್ದಕ್ಕೆ ಮೊಹರಿಲ್ಲ, ಮೊಹರಿಲ್ಲದ್ದು ಲೈಬ್ರರಿಯ ಸ್ವತ್ತಲ್ಲ. ಹತ್ತು ವರ್ಷದ ಹಿಂದೆ ಕಪಾಟು ಸಾಲದಾದಾಗ ಅವನ್ನೆಲ್ಲ ರದ್ದಿಗೆ ಹಾಕಿಸಿದ್ದು ಇದೇ ಮೇಡಂ. ಕೋಣೆ ಎಷ್ಟು ಚೊಕ್ಕಟವಾಯಿತು ಎಂದು ನಾವೂ ಹೊಗಳಿದ್ದೆವು. ಆ ಮಾತು ನೆನೆದರೆ ನನಗೆ ಈಗಲೂ ನಾಚಿಕೆ.

ಮುದ್ರಣಾಲಯಕ್ಕೆ ಫೋನ್ ಮಾಡಿದರು. ಅಷ್ಟು ಹಳೇ ಪ್ರತಿ ಇಲ್ಲ ಎಂಬ ಉತ್ತರ ಬಂತು. ಇನ್ನೆರಡು ಕಾಲೇಜುಗಳಿಗೆ ಕೇಳಿದರು. ಅಲ್ಲಿನವರೂ ನಮ್ಮ ಹಾಗೇ ನಿಯಮ ಪಾಲಿಸಿದ್ದರು.

"ತಪ್ಪು ನಂದೇ ಆಯಾ," ಎಂದರು ಮೇಡಂ. "ಹಳದಿ ರಟ್ಟಿನ ತೆಳ್ಳನೆ ಪುಸ್ತಕಗಳು. ನಾನೇ ಬಿಸಾಕಿಸಿದೆ."

ಆಯಾ ಎದ್ದಳು.

"ಹಳದೀವಾ? ನೆನಪಿದೆ ಬಿಡಿ. ಕಟ್ಟು ಕಟ್ಟಿ ಕೆಳಗೆ ಹೊತ್ತವಳು ನಾನೇ ಅಲ್ವಾ? ಮೂರು ದಿನ ಹಿಡೀತು."

ಪೊರಕೆ ಎತ್ತಿಕೊಂಡು, ಉಳಿದಿದ್ದ ಅರ್ಧ ಮಹಡಿ ಗುಡಿಸಲು ಹೋದಳು.